ಕರಿಬೇವಿನ ಗಿಡಕ್ಕೆ ತವರಿನ ನೆನಪಿಲ್ಲ

ಹೊರದೇಶದಲ್ಲಿ ಕೂತು ಬರೆದ ಕನ್ನಡ ಕಥೆ, ಪ್ರಬಂಧಗಳನ್ನು ಓದುವವರಿಗೆ ಒಂದು ಗಿಡದ ಪರಿಚಯ ಚೆನ್ನಾಗಿಯೇ ಇರುತ್ತದೆ. ಅದು ಕುಂಡದಲ್ಲಿರುವ ಕರಿಬೇವು. ಹೊರಗೆ ಹಿಮ ಸುರಿಯುತ್ತಿರುತ್ತದೆ. ಒಳಗೆ ಕಿಟಕಿಯ ಪಕ್ಕ ಗಿಡ ಎಲೆಯುದುರಿಸಿಕೊಂಡು ನಿಂತಿರುತ್ತದೆ. ಕಥೆಯ ನಾಯಕಿಯೋ ಪ್ರಬಂಧಕಾರರೋ ಅದರ ಮುಂದೆ ನಿಂತು ಊರನ್ನು ನೆನೆಯುತ್ತಾರೆ. ಅಮ್ಮನ ಒಗ್ಗರಣೆ, ಹಿತ್ತಲು, ಬಾವಿಕಟ್ಟೆ ಒಂದೊಂದಾಗಿ ಬಂದು ಹೋಗುತ್ತವೆ. ಕೊನೆಯ ಪ್ಯಾರಾದ ಹೊತ್ತಿಗೆ ಗಿಡಕ್ಕೂ ಮನುಷ್ಯರಿಗೂ ವ್ಯತ್ಯಾಸವೇ ಉಳಿದಿರುವುದಿಲ್ಲ. ಬೇರು ಕಿತ್ತು ತಂದ ಎರಡು ಜೀವಗಳು ಒಂದನ್ನೊಂದು ನೋಡಿ ನಿಟ್ಟುಸಿರಿಡುತ್ತವೆ. ಕೆಲವು ಬರಹಗಳಲ್ಲಿ ಕರಿಬೇವಿನ ಜಾಗಕ್ಕೆ ತುಳಸಿ ಬರುತ್ತದೆ, ಕೆಲವದರಲ್ಲಿ ಮಲ್ಲಿಗೆ. ನಿಟ್ಟುಸಿರು ಮಾತ್ರ ಅದೇ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಈ ಬರಹಗಳು ತಿರುಗಿಸಿ ಇಟ್ಟಿವೆ. ಊರಿನಲ್ಲಿದ್ದಾಗ ಯಾರೂ ತಿರುಗಿ ನೋಡದ, ಪಕ್ಕದ ಮನೆಯವರು ಕೇಳದೆಯೇ ಎರಡು ಎಸಳು ಮುರಿದುಕೊಂಡು ಹೋಗುತ್ತಿದ್ದ ಗಿಡ ಸಮುದ್ರ ದಾಟಿದ ಮೇಲೆ ಸರ್ವರೋಗಕ್ಕೂ ಮದ್ದಾಗಿದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ದೂರ ಹೋದ ಮೇಲೆ ಬೆಲೆ ತಿಳಿಯುವುದು ಸಹಜವೇ. ನನ್ನ ತಕರಾರು ನಿಟ್ಟುಸಿರಿನ ಬಗ್ಗೆ. ಆ ಗಿಡ ಊರನ್ನು ನೆನೆಯುತ್ತಿಲ್ಲ. ಒಂದೋ ಅದು ವಿಶ್ರಾಂತಿ ತೆಗೆದುಕೊಳ್ಳುತ್ತಿದೆ, ಇಲ್ಲವೇ ನೀರು ಹೆಚ್ಚಾಗಿ ಸಾಯುತ್ತಿದೆ. ಎರಡರಲ್ಲಿ ಯಾವುದು ನಡೆಯುತ್ತಿದೆ ಎಂದು ಗಮನಿಸುವ ವ್ಯವಧಾನವಿಲ್ಲದ ಬರಹ ಮನುಷ್ಯರ ವಲಸೆಯ ಬಗ್ಗೆಯೂ ನಿಜ ಹೇಳಲಾರದು ಎಂಬುದು ನನ್ನ ವಾದ.

ಮೊದಲು ಗಿಡದ ಸಂಗತಿ. ಕರಿಬೇವು ನಮ್ಮ ಎಲೆಯುದುರುವ ಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ತಾನಾಗಿ ಬೆಳೆಯುವ ಗಿಡ. ನಿಂಬೆ, ಕಿತ್ತಳೆ, ಬಿಲ್ವಪತ್ರೆಗಳ ಕುಟುಂಬಕ್ಕೆ ಸೇರಿದ್ದು. ಊರಿನಲ್ಲೂ ಅದು ವರ್ಷವಿಡೀ ಒಂದೇ ಸಮ ಚಿಗುರುವುದಿಲ್ಲ. ಧನುರ್ಮಾಸದ ಚಳಿಯಲ್ಲಿ ಚಿಗುರು ನಿಧಾನವಾಗುತ್ತದೆ, ಹಳೆಯ ಎಲೆ ಹಳದಿಗೆ ತಿರುಗುತ್ತದೆ, ಬೇಸಿಗೆಯ ಮೊದಲ ಮಳೆ ಬಿದ್ದ ಮೇಲೆ ಮತ್ತೆ ಮೈತುಂಬಿಕೊಳ್ಳುತ್ತದೆ. ಅಂದರೆ ನಿಲ್ಲುವುದು ಅದಕ್ಕೆ ಗೊತ್ತಿರುವ ವಿದ್ಯೆ. ಶಿಕಾಗೋದಲ್ಲೋ ಟೊರಾಂಟೋದಲ್ಲೋ ಲಂಡನ್ನಿನಲ್ಲೋ ಅದೇ ವಿದ್ಯೆಯನ್ನು ಇನ್ನಷ್ಟು ದೀರ್ಘವಾಗಿ ಪ್ರಯೋಗಿಸುತ್ತದೆ, ಅಷ್ಟೆ. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ಸಿನ ಸುತ್ತ ಇಳಿದಾಗ ಬೆಳವಣಿಗೆ ನಿಲ್ಲುತ್ತದೆ. ನೀರು ಹೆಪ್ಪುಗಟ್ಟುವಷ್ಟು ಚಳಿಗೆ ಸಿಕ್ಕರೆ ಕುಂಡದ ಎಳೆಯ ಗಿಡ ಉಳಿಯುವುದು ಕಷ್ಟ. ಆದ್ದರಿಂದ ಶರತ್ಕಾಲದಲ್ಲೇ ಕುಂಡವನ್ನು ಒಳಗೆ ತರಬೇಕು. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು.

ಒಳಗೆ ತಂದ ಮೇಲೆ ಗಿಡಕ್ಕೆ ಎದುರಾಗುವುದು ಕತ್ತಲು. ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು ಹನ್ನೊಂದು ಗಂಟೆಗೂ ಹೆಚ್ಚು. ಶಿಕಾಗೋದಲ್ಲಿ ಅದು ಒಂಬತ್ತು ಗಂಟೆಯ ಆಸುಪಾಸು, ಲಂಡನ್ನಿನಲ್ಲಿ ಎಂಟಕ್ಕೂ ಕಡಿಮೆ. ಆ ಬೆಳಕೂ ಓರೆಯಾಗಿ ಬಂದು, ಮೋಡದಲ್ಲಿ ಸೋಸಿ, ಕಿಟಕಿಯ ಗಾಜಿನಲ್ಲಿ ಇನ್ನಷ್ಟು ಸೋಸಿ ಒಳಗೆ ತಲುಪುತ್ತದೆ. ನಮ್ಮ ಕಣ್ಣು ಮಬ್ಬಿಗೆ ಬೇಗ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಎನ್ನಿಸುತ್ತದೆ. ಗಿಡದ ಲೆಕ್ಕದಲ್ಲಿ ಅದು ದಿನವಿಡೀ ಮುಸ್ಸಂಜೆ. ಇಷ್ಟು ಬೆಳಕಿನಲ್ಲಿ ಎಲೆ ತಯಾರಿಸುವ ಆಹಾರಕ್ಕಿಂತ ಎಲೆಯನ್ನು ಸಾಕುವ ಖರ್ಚೇ ಹೆಚ್ಚು. ನಷ್ಟದ ಅಂಗಡಿಯನ್ನು ಬುದ್ಧಿವಂತ ವ್ಯಾಪಾರಿ ಮುಚ್ಚುವ ಹಾಗೆ ಗಿಡ ಎಲೆಯುದುರಿಸುತ್ತದೆ. ನಮ್ಮ ಬರಹಗಳು ಇದನ್ನು ಕಣ್ಣೀರು ಎನ್ನುತ್ತವೆ.

ಕಣ್ಣೀರು ಎಂದುಕೊಂಡವರು ಮುಂದೆ ಮಾಡುವ ಕೆಲಸವೇ ಗಿಡಕ್ಕೆ ಮುಳುವಾಗುವುದು. ಮಗು ಊಟ ಬಿಟ್ಟಾಗ ಬಲವಂತವಾಗಿ ತುರುಕುವ ಹಾಗೆ ಅವರು ನೀರು ಹಾಕುತ್ತಾರೆ, ಗೊಬ್ಬರ ಹಾಕುತ್ತಾರೆ, ಕುಂಡವನ್ನು ಹೀಟರಿನ ಹತ್ತಿರ ಸರಿಸುತ್ತಾರೆ. ಎಲೆಯಿಲ್ಲದ ಗಿಡ ಹೆಚ್ಚು ನೀರು ಹೀರುವುದಿಲ್ಲ. ಹಾಕಿದ ನೀರು ಮಣ್ಣಿನ ಸಂದುಗಳಲ್ಲಿ ನಿಂತು ಗಾಳಿಯನ್ನು ಹೊರಗಟ್ಟುತ್ತದೆ. ಬೇರಿಗೆ ಉಸಿರಿಲ್ಲದೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದ ಕಾರಣ ಉಳಿದ ನಾಲ್ಕು ಎಲೆಯೂ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನೊಂದು ಚೊಂಬು ನೀರು. ಹೀಟರಿನ ಒಣ ಬಿಸಿಗಾಳಿ ನುಸಿಗಳಿಗೆ ಹೇಳಿ ಮಾಡಿಸಿದ್ದು; ಎಲೆಯ ಅಡಿಯಲ್ಲಿ ಅವು ಸಂಸಾರ ಹೂಡುತ್ತವೆ. ಕಾಂಡಕ್ಕೆ ಶಲ್ಕಕೀಟ ಅಂಟಿ ಎಲೆಯೆಲ್ಲ ಜಿಗುಟಾಗುತ್ತದೆ. ಫೆಬ್ರವರಿಯಲ್ಲಿ ಗಿಡ ಸತ್ತಾಗ, ಈ ನೆಲದ ಚಳಿಯನ್ನು ಅದು ತಡೆಯಲಿಲ್ಲ ಎಂದು ಬರೆಯುತ್ತಾರೆ. ಚಳಿ ಆ ಗಿಡವನ್ನು ಮುಟ್ಟಿಯೇ ಇರಲಿಲ್ಲ. ಅದು ಸತ್ತದ್ದು ಬೆಚ್ಚನೆಯ ಕೋಣೆಯಲ್ಲಿ, ತುಂಬಿದ ಕುಂಡದಲ್ಲಿ, ಅಕ್ಕರೆಯ ಕೈಯಲ್ಲಿ.

ಬೇಕಾದದ್ದು ಬಹಳ ಸರಳ. ತಂಪಾದ, ಬೆಳಕಿರುವ ಜಾಗ. ಮಣ್ಣು ಒಣಗಿದ ಮೇಲೆ ಸ್ವಲ್ಪವೇ ನೀರು. ಗೊಬ್ಬರ ಬೇಡ. ಒಳಗೆ ತರುವ ಮೊದಲು ಹುಳ ಇದೆಯೇ ಎಂದು ಎಲೆ ತಿರುಗಿಸಿ ನೋಡಿ ತೊಳೆಯುವುದು. ಉಳಿದಂತೆ ಸುಮ್ಮನಿರುವುದು. ಸತ್ತಿದೆಯೇ ಬದುಕಿದೆಯೇ ಎಂಬ ಅನುಮಾನ ಬಂದರೆ ಕಾಂಡದ ಸಿಪ್ಪೆಯನ್ನು ಉಗುರಿನಿಂದ ತುಸು ಕೆರೆದರೆ ಸಾಕು. ಒಳಗೆ ಹಸಿರಿದ್ದರೆ ಜೀವವಿದೆ. ತುಳಸಿಯದಂತೂ ಇನ್ನೂ ಸುಲಭ. ಅದು ಅಲ್ಪಾಯುಷಿ ಗಿಡ. ಕಾರ್ತಿಕದಲ್ಲಿ ತುಳಸಿ ಮದುವೆ ಮಾಡುವ ಹೊತ್ತಿಗೆ ಮಿನಿಯಾಪೊಲಿಸ್‌ನಂಥ ಊರಿನಲ್ಲಿ ಹೊರಗಿಟ್ಟ ತುಳಸಿ ಹಿಮಕ್ಕೆ ಕರಕಲಾಗಿರುತ್ತದೆ. ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ಬೀಜ ತೆಗೆದಿಟ್ಟುಕೊಂಡು ವಸಂತದಲ್ಲಿ ಬಿತ್ತಿದರೆ ಹತ್ತು ಗಿಡ. ಸತ್ತ ತುಳಸಿಯ ಮುಂದೆ ಕೂತು ಅಪಶಕುನವೆಂದು ಹಲುಬುವುದಕ್ಕಿಂತ ಇದು ವಾಸಿ.

ಇದೇನೂ ಹೊಸ ತಿಳಿವಳಿಕೆಯಲ್ಲ. ಬಿಸಿನಾಡಿನ ಗಿಡಗಳನ್ನು ಚಳಿಗಾಲ ದಾಟಿಸುವ ಕೆಲಸದಲ್ಲಿ ಯುರೋಪಿನ ತೋಟಗಾರರಿಗೆ ಶತಮಾನಗಳ ಅನುಭವವಿದೆ. ಪ್ಯಾರಿಸ್ಸಿನ ಹತ್ತಿರದ ವರ್ಸೇ ಅರಮನೆಯಲ್ಲಿ 1684ರಿಂದ 1686ರ ನಡುವೆ ಕಟ್ಟಿದ ಆರೆಂಜರಿ ಇದೆ. ಕಿತ್ತಳೆ, ನಿಂಬೆ ಮರಗಳನ್ನು ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬೆಳೆಸಿ, ಅಕ್ಟೋಬರಿನಲ್ಲಿ ಒಳಗೆ ಸೇರಿಸಿ, ಮೇ ತಿಂಗಳಲ್ಲಿ ಹೊರಗೆ ತರುತ್ತಾರೆ. ಇಂದಿಗೂ ಅದು ನಡೆಯುತ್ತಿದೆ. ಆ ಕಟ್ಟಡದ ಗುಟ್ಟು ಬೆಂಕಿಯಲ್ಲಿಲ್ಲ. ದಪ್ಪ ಗೋಡೆ, ದಕ್ಷಿಣಕ್ಕೆ ಮುಖ ಮಾಡಿದ ಎತ್ತರದ ಕಿಟಕಿಗಳು, ಹೆಪ್ಪುಗಟ್ಟುವ ಚಳಿ ಒಳಗೆ ಬರದಂತೆ ತಡೆಯುವ ವ್ಯವಸ್ಥೆ, ಇಷ್ಟೇ. ಗಿಡಕ್ಕೆ ಅಲ್ಲೊಂದು ಕೃತಕ ಬೇಸಿಗೆಯನ್ನು ಕಟ್ಟಿಕೊಡಲು ಯಾರೂ ಹೋಗಲಿಲ್ಲ. ಚಳಿಗಾಲವನ್ನು ಸಹಿಸುವಷ್ಟು ಮೆದುಗೊಳಿಸಿದರು. ಅಂದಹಾಗೆ ಆರೆಂಜ್ ಎಂಬ ಪದವೇ ನಾರಂಗದಿಂದ ಹೊರಟು ಪರ್ಷಿಯನ್, ಅರಬ್ಬಿ ಭಾಷೆಗಳ ಮೂಲಕ ಯುರೋಪಿಗೆ ಹೋಗಿ ಸೇರಿದ್ದು. ಹಣ್ಣೂ ಹೋಯಿತು, ಹೆಸರೂ ಹೋಯಿತು. ಎರಡೂ ಅಲ್ಲಿ ನೆಲೆ ಕಂಡುಕೊಂಡವು.

ಗಿಡವನ್ನು ಬಿಟ್ಟು ಗಿಡದ ಕುರಿತ ಕಲ್ಪನೆಯನ್ನು ಸಾಕಲು ಹೋದಾಗ ಏನಾಗುತ್ತದೆ ಎಂಬುದಕ್ಕೂ ಯುರೋಪಿನಲ್ಲೇ ಉದಾಹರಣೆಯಿದೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿಯಿತು. ಉಷ್ಣವಲಯ ಎಂದರೆ ಕುದಿಯುವ ಸೆಕೆ, ಹನಿಯುವ ಹಬೆ ಎಂಬ ಚಿತ್ರ ಅವರ ತಲೆಯಲ್ಲಿತ್ತು. ಹಡಗುಗಳಲ್ಲಿ ಬಂದ ಗಿಡಗಳನ್ನೆಲ್ಲ ಗಾಳಿಯಾಡದ ಬಿಸಿ ಗಾಜಿನ ಮನೆಗೆ ನೂಕಿ ಹಬೆ ಕೊಟ್ಟರು. ಗಿಡಗಳು ರಾಶಿ ರಾಶಿ ಸತ್ತವು. ಅವುಗಳಲ್ಲಿ ಎಷ್ಟೋ ಗಿಡಗಳು ತಂಪಾದ ಬೆಟ್ಟಗಳಲ್ಲಿ, ಮಂಜು ಮುಸುಕಿದ ಕೊಂಬೆಗಳ ಮೇಲೆ ಬೆಳೆದವು. ಉಷ್ಣವಲಯದಲ್ಲೂ ಬೆಟ್ಟವಿದೆ, ರಾತ್ರಿಯಿದೆ, ಚಳಿಯಿದೆ ಎಂಬುದು ಆ ಚಿತ್ರದಲ್ಲಿರಲಿಲ್ಲ. ಚಾಟ್ಸ್‌ವರ್ತ್ ಎಸ್ಟೇಟಿನ ಜೋಸೆಫ್ ಪ್ಯಾಕ್ಸ್ಟನ್‌ರಂಥ ತೋಟಗಾರರು ಉಷ್ಣತೆ ಇಳಿಸಿ, ಗಾಳಿ ಬಿಟ್ಟು, ಒಂದೊಂದು ಗಿಡದ ಮೂಲ ಜಾಗ ಹೇಗಿತ್ತು ಎಂದು ಕೇಳತೊಡಗಿದ ಮೇಲೆ ಸಾವು ಕಡಿಮೆಯಾಯಿತು. ನಮ್ಮ ಪ್ರಬಂಧಕಾರರ ಊರೂ ಇಂಥದೇ ಒಂದು ಚಿತ್ರ. ಅಲ್ಲಿ ಸದಾ ಚಿಗುರು, ಸದಾ ಒಗ್ಗರಣೆ. ಆ ಊರಿಗೆ ಬರಗಾಲವಿಲ್ಲ, ಎಲೆ ಹಳದಿಯಾಗುವ ತಿಂಗಳಿಲ್ಲ, ಗಿಡಕ್ಕೆ ನೀರು ಹೊತ್ತು ಹಾಕಿದವರ ಹೆಸರಿಲ್ಲ.

ನೀರು ಹೊತ್ತವರ ಮಾತು ಬಂದದ್ದರಿಂದ ಚಾಟ್ಸ್‌ವರ್ತಿನಲ್ಲೇ ಇನ್ನೊಂದು ಕ್ಷಣ ನಿಲ್ಲೋಣ. ಪ್ಯಾಕ್ಸ್ಟನ್ 1836ರಿಂದ 1841ರವರೆಗೆ ಅಲ್ಲಿ ಡ್ಯೂಕ್ ಆಫ್ ಡೆವನ್‌ಶೈರ್‌ಗಾಗಿ ಗ್ರೇಟ್ ಸ್ಟೋವ್ ಎಂಬ ಗಾಜಿನ ಮನೆ ಕಟ್ಟಿದರು. 277 ಅಡಿ ಉದ್ದ, 123 ಅಡಿ ಅಗಲ. ಒಳಗೆ ತಾಳೆ, ಬಾಳೆಗಳು ಹಸಿರಾಗಿ ನಿಂತಿದ್ದವು. ಅವುಗಳನ್ನು ಬೆಚ್ಚಗಿಡುವ ಬಾಯ್ಲರುಗಳು ನೆಲದಡಿಯಲ್ಲಿದ್ದವು. ಕಲ್ಲಿದ್ದಲು ಸುರಂಗದೊಳಗಿನ ಪುಟ್ಟ ಹಳಿಗಳ ಮೇಲೆ ಬರುತ್ತಿತ್ತು. ಹೊಗೆಯನ್ನು ದೂರದ ಕಾಡಿನ ಚಿಮಣಿಗೆ ಸಾಗಿಸುವ ಏರ್ಪಾಡಿತ್ತು. ಮೇಲೆ ನಡೆದಾಡುವ ಅತಿಥಿಗಳಿಗೆ ಮಸಿಯಾಗಲಿ, ಮಸಿ ಮೆತ್ತಿಕೊಂಡ ಆಳುಗಳಾಗಲಿ ಕಾಣಬಾರದು ಎಂಬುದು ಉದ್ದೇಶ. ಮೊದಲ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲೂ ಸಿಗಲಿಲ್ಲ, ಆಳುಗಳೂ ಸಿಗಲಿಲ್ಲ. ಗಿಡಗಳು ಸತ್ತವು. 1920ರಲ್ಲಿ ಕಟ್ಟಡವನ್ನೇ ಕೆಡವಿದರು. ಆ ಗಿಡಗಳು ಸುಮಾರು ಮುಕ್ಕಾಲು ಶತಮಾನ ಬದುಕಿದ್ದು ಸುರಂಗದಲ್ಲಿ ಕಲ್ಲಿದ್ದಲು ನೂಕಿದವರ ಕೈಯಿಂದ. ಸತ್ತದ್ದು ಆ ಕೈ ಇಲ್ಲವಾದಾಗ. ನೆನಪಿಗೂ ಹಂಬಲಕ್ಕೂ ಇದರಲ್ಲಿ ಪಾತ್ರವಿರಲಿಲ್ಲ. ಗಿಡವೊಂದು ಪರದೇಶದ ಚಳಿಗಾಲ ದಾಟಿತೆಂದರೆ ಯಾರೋ ಕೆಲಸ ಮಾಡಿದ್ದಾರೆ, ಯಾರೋ ಖರ್ಚು ಕೊಟ್ಟಿದ್ದಾರೆ ಎಂದರ್ಥ. ಪ್ರಬಂಧದಲ್ಲಿ ಬರಬೇಕಾದ ಮೊದಲ ಸಂಗತಿ ಅದು.

ಪ್ಯಾಕ್ಸ್ಟನ್ ಮುಂದೆ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದರು. ಅದರ ಮಾದರಿ ನಮ್ಮ ಬೆಂಗಳೂರಿಗೂ ಬಂತು. ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಚಳಿಗೆ ಹೆದರಿ ಗಿಡಗಳನ್ನು ಒಳಗಿಡಬೇಕಾದ ಅಗತ್ಯವೇ ಇಲ್ಲದ ಊರಿನಲ್ಲಿ ಅದು ಫಲಪುಷ್ಪ ಪ್ರದರ್ಶನದ ಮಂಟಪವಾಯಿತು. ಅಗತ್ಯವನ್ನು ಹಿಂದೆ ಬಿಟ್ಟು ಆಕಾರವೊಂದೇ ಪಯಣಿಸಿ ಬಂದು ನಮ್ಮದೇ ಆಯಿತು. ಈಗ ಅದನ್ನು ಪರದೇಶಿ ಎನ್ನುವ ಬೆಂಗಳೂರಿಗರು ಸಿಗುವುದಿಲ್ಲ.

ಗಿಡಗಳ ವಿಷಯದಲ್ಲೂ ಹೀಗೆಯೇ. ಸ್ವಿಟ್ಜರ್ಲೆಂಡಿನ ಹಳ್ಳಿಮನೆಗಳ ಬಾಲ್ಕನಿಯಲ್ಲಿ ಕೆಂಪಗೆ ತೂಗುವ ಜೆರೇನಿಯಂ ಹೂಗಳನ್ನು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ. ಆಲ್ಪ್ಸ್ ಪರ್ವತಕ್ಕೆ ಅದಕ್ಕಿಂತ ಸ್ವಂತದ ಹೂವಿಲ್ಲ ಎನ್ನಿಸುತ್ತದೆ. ಅದು ಪೆಲಾರ್ಗೋನಿಯಂ, ಅದರ ಮೂಲ ದಕ್ಷಿಣ ಆಫ್ರಿಕಾ. ಆಲ್ಪ್ಸಿನ ಚಳಿಯನ್ನು ಇಂದಿಗೂ ತಡೆಯಲಾರದು. ಉಳಿಸಿಕೊಳ್ಳಬೇಕೆಂದರೆ ಪ್ರತಿ ವರ್ಷ ಒಳಗೆ ತಂದು, ಕತ್ತರಿಸಿ, ನೀರು ಕಡಿಮೆ ಮಾಡಿ ಇಡಬೇಕು. ಆ ಹೂವಿಗೆ ಆಫ್ರಿಕಾದ ನೆನಪು ಕಾಡುತ್ತಿದೆ ಎಂದು ಅಲ್ಲಿಯ ಅಜ್ಜಿಯರು ಕೊರಗುವುದಿಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದ ಒಂದು ಸೈಕಾಡ್ ಗಿಡ ಕುಂಡದಲ್ಲೇ ಇನ್ನೂ ಬದುಕಿದೆ. ಇನ್ನೂರೈವತ್ತು ಚಳಿಗಾಲ ದಾಟಿದ ಆ ಗಿಡವನ್ನು ಅನಾಥ ಎನ್ನಲು ಯಾವ ಆಧಾರವಿದೆ?

ಅಷ್ಟು ದೂರ ಹೋಗುವುದೇ ಬೇಡ. ಕನ್ನಡದಲ್ಲೇ ಸಾಕ್ಷಿಯಿದೆ. ಪರಂಗಿ ಹಣ್ಣು ಎನ್ನುತ್ತೇವೆ. ಫರಂಗಿಯವರ ಹಣ್ಣು ಎಂದು ಹೆಸರಿನಲ್ಲೇ ಒಪ್ಪಿಕೊಂಡಿದ್ದೇವೆ. ಸೀಮೆಬದನೆ, ಸೀಮೆಹುಣಸೆಗಳ ಸೀಮೆ ಎಂಬ ಮಾತಿಗೂ ಹೊರಗಿನಿಂದ ಬಂದದ್ದು ಎಂದೇ ಅರ್ಥ. ಈ ಮೂರೂ ಅಮೆರಿಕ ಖಂಡದ ಗಿಡಗಳು. ಮೆಣಸಿನಕಾಯಿಯೂ ಅಲ್ಲಿಯದೇ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ಕಾಳುಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಈಗ ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಕರ್ನಾಟಕವನ್ನು ಊಹಿಸಲಾಗದು. ಹಾವೇರಿಯ ಹೊಲದಲ್ಲಿ ನಿಂತ ಮೆಣಸಿನ ಗಿಡ ಮೆಕ್ಸಿಕೋವನ್ನು ನೆನೆದು ಬಾಡುತ್ತಿದೆ ಎಂದು ಯಾರಾದರೂ ಬರೆದರೆ ನಾವು ನಗುತ್ತೇವೆ. ಅದೇ ತರ್ಕ ಶಿಕಾಗೋದ ಕರಿಬೇವಿಗೆ ಬಂದಾಗ ಮಾತ್ರ ಕಣ್ಣು ಒದ್ದೆಯಾಗುವುದೇಕೆ? ಮೆಣಸಿನ ಗಿಡದಲ್ಲಿ ಕಾಣದ ನಮ್ಮ ಮುಖ ಕರಿಬೇವಿನಲ್ಲಿ ಕಾಣುತ್ತದೆ ಎಂಬ ಕಾರಣಕ್ಕೆ. ಗಿಡವೆಂದು ನಾವು ನೋಡುತ್ತಿರುವುದು ಕನ್ನಡಿಯನ್ನು.

ಕನ್ನಡಿ ನೋಡಿಕೊಳ್ಳುವುದು ಅಪರಾಧವಲ್ಲ. ಆದರೆ ಈ ಕನ್ನಡಿಯಿಂದ ಎರಡು ನಷ್ಟಗಳಿವೆ, ಒಂದು ತೋಟಕ್ಕೆ, ಇನ್ನೊಂದು ಸಾಹಿತ್ಯಕ್ಕೆ.

ತೋಟದ ನಷ್ಟ ಹೀಗೆ. ಬೇರಿನ ಮಾತು ತಲೆಗೇರಿದಾಗ ಊರಿನ ಗಿಡವೇ ಬೇಕು ಎನ್ನಿಸುತ್ತದೆ. ಸೀರೆಯ ಮಡಿಕೆಯಲ್ಲಿ, ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿ ಕರಿಬೇವಿನ ಸಸಿಯನ್ನು ಬಚ್ಚಿಟ್ಟು ವಿಮಾನ ಹತ್ತಿಸುವುದು ನಮ್ಮಲ್ಲಿ ಒಂದು ಸಾಹಸವೆಂಬಂತೆ ಚಾಲ್ತಿಯಲ್ಲಿದೆ. ಸುಂಕದ ಅಧಿಕಾರಿಯ ಕಣ್ಣು ತಪ್ಪಿಸಿದ್ದನ್ನು ನಗುನಗುತ್ತ ಹೇಳಿಕೊಳ್ಳುತ್ತೇವೆ. ಕರಿಬೇವು ನಿಂಬೆಯ ಕುಟುಂಬದ್ದು ಎಂದೆ. ಸಿಟ್ರಸ್ ಸಿಲ್ಲಿಡ್ ಎಂಬ ಪುಟ್ಟ ಕೀಟ ಕರಿಬೇವಿನ ಎಳೆ ಚಿಗುರಿನ ಮೇಲೆ ಮೊಟ್ಟೆಯಿಡುತ್ತದೆ. ಕಿತ್ತಳೆ, ನಿಂಬೆ ಗಿಡಗಳಿಗೆ ಗ್ರೀನಿಂಗ್ ಎಂಬ ಮದ್ದಿಲ್ಲದ ರೋಗ ಹರಡುವುದು ಅದೇ ಕೀಟ. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಕೀಟ ಕಾಣಿಸಿತು, 2005ರಲ್ಲಿ ರೋಗ. ಅಲ್ಲಿಂದ ಎರಡು ದಶಕದೊಳಗೆ, ಚಂಡಮಾರುತಗಳ ಹೊಡೆತವೂ ಸೇರಿ, ಆ ರಾಜ್ಯದ ಕಿತ್ತಳೆ ಬೆಳೆ ತೊಂಬತ್ತು ಪ್ರತಿಶತಕ್ಕಿಂತ ಹೆಚ್ಚು ಕುಸಿದಿದೆ. ಕೀಟ ಅಲ್ಲಿಗೆ ಬಂದದ್ದು ಕರಿಬೇವಿನ ಮೂಲಕ ಎಂದು ನಾನು ಹೇಳುತ್ತಿಲ್ಲ. ಅದು ಬರಬಹುದಾದ ದಾರಿಗಳಲ್ಲಿ ಕರಿಬೇವೂ ಒಂದು. ಆದ್ದರಿಂದಲೇ ವಿಮಾನ ನಿಲ್ದಾಣದಲ್ಲಿ ಆ ಸೊಪ್ಪನ್ನು ಕಿತ್ತುಕೊಳ್ಳುತ್ತಾರೆ. ಇದನ್ನು ನಮ್ಮ ಸಂಸ್ಕೃತಿಯ ಮೇಲಿನ ಅನುಮಾನವೆಂದು ಬಗೆಯುವವರು ಒಮ್ಮೆ ಕೊಡಗಿಗೆ ಹೋಗಿ ಬರಲಿ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಹೇಳುವ ಕಾರಣಗಳಲ್ಲಿ ಇದೇ ಗ್ರೀನಿಂಗ್ ರೋಗವೂ ಇದೆ. ತನ್ನ ನೆನಪಿಗಾಗಿ ಇನ್ನೊಬ್ಬ ರೈತನ ತೋಟವನ್ನು ಪಣಕ್ಕಿಡುವ ಹಕ್ಕು ಯಾರಿಗೂ ಇಲ್ಲ. ಅಲ್ಲಿಯ ನರ್ಸರಿಗಳಲ್ಲಿ ತಪಾಸಣೆಯಾದ ಕರಿಬೇವಿನ ಗಿಡ ಸಿಗುತ್ತದೆ. ಅದರ ಎಲೆಗೂ ಒಗ್ಗರಣೆಯಲ್ಲಿ ಅದೇ ಘಮ.

ಸಾಹಿತ್ಯದ ನಷ್ಟ ಇದಕ್ಕಿಂತ ದೊಡ್ಡದು. ಬೇರು ಎಂಬ ರೂಪಕ ಮನುಷ್ಯನಿಗೆ ಒಂದೇ ಮಣ್ಣು ಎಂದು ಹೇಳುತ್ತದೆ. ಆ ಮಣ್ಣು ಬಿಟ್ಟವನು ಅರೆಜೀವ ಎನ್ನುತ್ತದೆ. ಕೇಳಲು ಇದು ಮೃದುವಾಗಿದೆ. ಆದರೆ ಹೊರಗಿನವರನ್ನು ಓಡಿಸಬೇಕು ಎನ್ನುವವರ ಬಾಯಲ್ಲೂ ಇದೇ ಮಾತಿದೆ. ಈ ಮಣ್ಣಿನವರಲ್ಲದವರು ಇಲ್ಲಿ ಎಂದೂ ಬೇರೂರಲಾರರು, ಅವರ ಜಾಗ ಬೇರೆ ಎಂಬ ವಾದಕ್ಕೆ ನಮ್ಮ ಕರಿಬೇವಿನ ಪ್ರಬಂಧ ತಿಳಿಯದೆಯೇ ಸಾಕ್ಷಿ ಹೇಳುತ್ತದೆ. ಅಮೆರಿಕದಲ್ಲಿ ಆ ವಾದಕ್ಕೆ ಗುರಿಯಾಗುವವರು ಪ್ರಬಂಧ ಬರೆದವರ ಮಕ್ಕಳೇ. ಆ ಮಕ್ಕಳು ಹುಟ್ಟಿದ್ದು ಹಿಮದಲ್ಲಿ. ಅವರಿಗೆ ಅಪ್ಪ ಅಮ್ಮನ ಊರೇ ರಜೆಗೆ ಹೋಗುವ ಬಿಸಿಯ ಪರದೇಶ. ಬೇರು ಕಿತ್ತ ಗಿಡದ ಕಥೆಯಲ್ಲಿ ಅವರು ಯಾವ ಪಾತ್ರ ವಹಿಸಬೇಕು?

ಇನ್ನೊಂದು ಪ್ರಶ್ನೆ ಕರ್ನಾಟಕದೊಳಗಿನದು. ನಮ್ಮ ಭಾಷೆಯಲ್ಲಿ ಗುಳೆ ಎಂಬ ಪದವಿದೆ. ಸುಗ್ಗಿ ಮುಗಿದ ಮೇಲೆ, ಅಥವಾ ಮಳೆ ಕೈಕೊಟ್ಟಾಗ, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಮಕ್ಕಳು ಮರಿ ಪಾತ್ರೆ ಪಡಗ ಕಟ್ಟಿಕೊಂಡು ಬೆಂಗಳೂರಿಗೋ ಮುಂಬೈಗೋ ಗೋವೆಗೋ ಹೋಗುತ್ತವೆ. ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಬಿತ್ತನೆಗೆ ಮತ್ತೆ ಊರಿಗೆ ತಿರುಗುತ್ತವೆ. ಋತು ನೋಡಿ ಒಳಗೆ ಹೊರಗೆ ಸಾಗುವ ಕುಂಡದ ಗಿಡಕ್ಕೆ ಮನುಷ್ಯರಲ್ಲಿ ಹತ್ತಿರದ ಹೋಲಿಕೆ ಹುಡುಕುವುದಾದರೆ ಅದು ಇವರದು. ಇವರಿಗೆ ನಾವು ಕರಿಬೇವಿನ ರೂಪಕ ಕೊಡಲಿಲ್ಲ. ಬೇರು, ತವರು, ಪರಿಮಳ ಎಲ್ಲವನ್ನೂ ವೀಸಾ ಇರುವವರಿಗೆ ಮೀಸಲಿಟ್ಟೆವು. ಗುಳೆ ಹೋದವರಿಗೆ ಸಿಕ್ಕಿದ್ದು ವರದಿಯ ಭಾಷೆ. ಯಾರ ವಲಸೆಗೆ ಕಾವ್ಯ, ಯಾರ ವಲಸೆಗೆ ಅಂಕಿಸಂಖ್ಯೆ ಎಂಬುದನ್ನು ನಮ್ಮ ಸಾಹಿತ್ಯ ಸದ್ದಿಲ್ಲದೆ ತೀರ್ಮಾನಿಸಿಬಿಟ್ಟಿದೆ. ತೀರ್ಮಾನ ಮಾಡಿದ್ದು ಗೊತ್ತಾಗದಂತೆ ನೋಡಿಕೊಂಡದ್ದು ಆ ಸುಂದರ ಗಿಡ.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ರೂಪಕಕ್ಕೆ ಸಸ್ಯಶಾಸ್ತ್ರದ ಪರೀಕ್ಷೆ ಯಾಕೆ? ಚಂದ್ರನಲ್ಲಿ ಮೊಲವಿಲ್ಲ ಎಂದು ಗೊತ್ತಿದ್ದೂ ಮೊಲ ಎನ್ನುವುದಿಲ್ಲವೇ? ಮನೆ ಬಿಟ್ಟು ಬಂದವರ ದುಃಖ ನಿಜ. ಆ ದುಃಖಕ್ಕೆ ಒಂದು ಗಿಡ ಆಸರೆಯಾದರೆ ನಿಮಗೇನು ನಷ್ಟ? ದುಃಖ ನಿಜ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತಾಯಿಯ ಸಾವಿಗೆ ಹೋಗಲಾಗದೆ ಫೋನಿನಲ್ಲಿ ಅಂತ್ಯಕ್ರಿಯೆ ನೋಡಿದವರ ಮುಂದೆ ಸಸ್ಯಶಾಸ್ತ್ರ ಹೇಳುವಷ್ಟು ಕಲ್ಲೆದೆ ಯಾರಿಗೂ ಬೇಡ. ನನ್ನ ಮಾತು ಅಂಥ ದುಃಖದ ಪರವಾಗಿಯೇ ಇದೆ. ಅಷ್ಟು ದೊಡ್ಡ ನೋವನ್ನು ಎಲ್ಲರೂ ಬಳಸಿ ಸವೆದ ಒಂದೇ ಗಿಡಕ್ಕೆ ಕಟ್ಟಿಹಾಕಿದರೆ ಅದು ಹತ್ತು ಜನರ ನೋವಿನ ಹಾಗೆಯೇ ಕೇಳಿಸುತ್ತದೆ, ಯಾರದೂ ಆಗಿ ಉಳಿಯುವುದಿಲ್ಲ. ಚಂದ್ರನಲ್ಲಿ ಮೊಲ ಕಂಡವನು ಚಂದ್ರನನ್ನು ತಲೆಯೆತ್ತಿ ನೋಡಿದ್ದ. ಆ ಕಲೆಗಳ ಆಕಾರವನ್ನು ಗಮನಿಸಿದ್ದ. ನಮ್ಮ ಬರಹಗಳಲ್ಲಿ ಕರಿಬೇವನ್ನು ನೋಡಿದ ಗುರುತೇ ಇಲ್ಲ. ಎಲೆ ಯಾವಾಗ ಉದುರಿತು, ಕಾಂಡದಲ್ಲಿ ಹಸಿರಿತ್ತೇ, ಮಣ್ಣು ಒದ್ದೆಯಿತ್ತೇ, ಆ ಮನೆಯಲ್ಲಿ ನೀರು ಹಾಕುವ ಸರದಿ ಯಾರದು, ಯಾವುದೂ ಬರುವುದಿಲ್ಲ.

ನೋಡಿದ್ದರೆ ಎಷ್ಟು ಸಿಗುತ್ತಿತ್ತು ಎನ್ನುವುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಚಳಿಗಾಲ ಕಳೆದು ಮೇ ತಿಂಗಳು ಬಂದಾಗ ಕುಂಡವನ್ನು ನೇರವಾಗಿ ಬಿಸಿಲಿಗೆ ಇಟ್ಟರೆ ಎಲೆಗಳು ಸುಟ್ಟು ಬಿಳಿಚುತ್ತವೆ. ಬಿಸಿಲಿನ ನಾಡಿನ ಗಿಡವನ್ನು ಬಿಸಿಲೇ ಸುಡುತ್ತದೆ. ಕಾರಣವಿಷ್ಟೆ: ಮನೆಯೊಳಗೆ ಮೂಡಿದ ಎಲೆ ಮನೆಯ ಬೆಳಕಿಗೆ ತಕ್ಕಂತೆ ತೆಳ್ಳಗೆ, ಅಗಲವಾಗಿ ಬೆಳೆದಿರುತ್ತದೆ. ಅದಕ್ಕೆ ಹೊರಗಿನ ಸೂರ್ಯನ ಪರಿಚಯವಿಲ್ಲ. ಮೊದಲು ನೆರಳಿನಲ್ಲಿ ಕೆಲವು ದಿನ, ಆಮೇಲೆ ಬೆಳಗಿನ ಎಳೆಬಿಸಿಲಿನಲ್ಲಿ ಕೆಲವು ದಿನ, ಹೀಗೆ ಹತ್ತು ಹದಿನೈದು ದಿನ ಅಭ್ಯಾಸ ಮಾಡಿಸಬೇಕು. ಒಳಗಿನ ಎಷ್ಟೋ ಎಲೆಗಳನ್ನು ಗಿಡ ಆಗಲೂ ಉಳಿಸಿಕೊಳ್ಳುವುದಿಲ್ಲ. ಅವನ್ನು ಬಿಟ್ಟುಕೊಟ್ಟು ಹೊರಗಿನ ಬೆಳಕಿಗೆ ತಕ್ಕ ಹೊಸ ಎಲೆ ಕಟ್ಟುತ್ತದೆ. ಹದಿನೈದು ವರ್ಷದ ಬಳಿಕ ಊರಿಗೆ ಮರಳಿ ನೆಲೆಸಲು ಹೋಗಿ, ತಾನು ಹಂಬಲಿಸಿದ ಬಿಸಿಲೇ ತನ್ನನ್ನು ಸುಡುತ್ತಿದೆ ಎಂದು ತಿಳಿದು ತಬ್ಬಿಬ್ಬಾದವರ ಕಥೆ ಇಲ್ಲಿದೆ. ಗಿಡಕ್ಕೆ ಬೇರು ಅದೇ ಇತ್ತು, ಎಲೆ ಮಾತ್ರ ಬೇರೆ ಬೆಳಕಿನಲ್ಲಿ ಬೆಳೆದಿತ್ತು. ಈ ರೂಪಕ ನಿಟ್ಟುಸಿರಿಗೆ ಒಗ್ಗುವುದಿಲ್ಲ. ನಾವು ಎಲ್ಲಿ ಎಂಥ ಎಲೆ ಕಟ್ಟಿಕೊಂಡೆವು, ಯಾವುದನ್ನು ಉದುರಿಸಬೇಕು ಎಂಬ ಮುಜುಗರದ ಪ್ರಶ್ನೆ ಕೇಳುತ್ತದೆ. ಅದಕ್ಕೇ ಇದು ಸಾಹಿತ್ಯಕ್ಕೆ ಬೇಕಾದದ್ದು.

ಆದ್ದರಿಂದ ಹೊರದೇಶದ ಕಿಟಕಿಯ ಪಕ್ಕ ಕೂತು ಬರೆಯುವವರಿಗೂ, ಅವರಂತೆ ಬರೆಯಬೇಕೆಂದುಕೊಂಡ ಇಲ್ಲಿಯ ವಿದ್ಯಾರ್ಥಿಗಳಿಗೂ ನನ್ನದೊಂದು ಕೋರಿಕೆ. ಕರಿಬೇವಿನ ಬಗ್ಗೆ ಬರೆಯಬೇಡಿ ಎನ್ನುವುದಿಲ್ಲ. ಬರೆಯುವ ಮೊದಲು ಒಂದು ಚಳಿಗಾಲ ಅದನ್ನು ಸಾಕಿ. ತಂಪಾದ ಬೆಳಕಿನಲ್ಲಿಡಿ, ನೀರಿನ ಆಸೆಗೆ ಕೈ ತಡೆಯಿರಿ, ಎಲೆ ಉದುರಿದರೆ ಉದುರಲು ಬಿಡಿ. ಜನವರಿಯಲ್ಲಿ ಬೋಳು ಕಡ್ಡಿಯ ಮುಂದೆ ನಿಂತಾಗ ಊರಿನ ನೆನಪು ಬಂದರೆ ಅದು ನಿಮ್ಮದು ಎಂದು ತಿಳಿದಿರಲಿ. ಕಡ್ಡಿಯ ಮೇಲೆ ಹೊರಿಸಬೇಡಿ. ಅದಕ್ಕೆ ಆಗ ಮಾಡಲು ಬೇರೆ ಕೆಲಸವಿದೆ.